ಹಳೆಯ ಮನೆಯ ಕಿಟ್‌ಕ್ಯಾಟ್ ಫ್ಯೂಸ್ ತೆಗೆದು ಎಂಸಿಬಿ ಹಾಕಿಸುವುದು: ಡಬ್ಬಿ ಬದಲಿಸಿದರೆ ಸಾಕೇ?

ತೋಟದಮನೆ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ 1978ರಲ್ಲಿ ಕಟ್ಟಿದ ಹೆಂಚಿನ ಮನೆ. ಜಗಲಿಯ ಗೋಡೆಗೆ ಬಡಿದ ಸಾಗುವಾನಿ ಹಲಗೆಯ ಮೇಲೆ ಮೀಟರ್, ಅದರ ಕೆಳಗೆ ಕಬ್ಬಿಣದ ಮೇನ್ ಸ್ವಿಚ್, ಪಕ್ಕದಲ್ಲಿ ಎರಡು ಸಾಲು ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್‌ಗಳು ಇವೆ. ಜಗಲಿ ಮತ್ತು ನಡುಮನೆಯಲ್ಲಿ ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದ ಅಲ್ಯೂಮಿನಿಯಂ ತಂತಿ ಈಗಲೂ ಹಾಗೆಯೇ ಇದೆ. ಸುಮಾರು ಹದಿನೈದು ವರ್ಷಗಳ ಹಿಂದೆ ಸೇರಿಸಿದ ಅಡುಗೆಮನೆ ಮತ್ತು ಬಚ್ಚಲಿಗೆ ಮಾತ್ರ ಗೋಡೆಯೊಳಗೆ ಪೈಪ್ ಹಾಕಿಸಿ ತಾಮ್ರದ ತಂತಿ ಎಳೆಸಿದ್ದೇವೆ.

ಮನೆ ಕಟ್ಟಿದಾಗ ಇದ್ದದ್ದು ಆರು ಬಲ್ಬು ಮತ್ತು ಒಂದು ರೇಡಿಯೋ. ಈಗ ಫ್ರಿಜ್, ಮಿಕ್ಸಿ, ಗ್ರೈಂಡರ್, ವಾಷಿಂಗ್ ಮಷೀನ್, 2 ಕಿಲೋವ್ಯಾಟ್ ಗೀಸರ್, ಅಷ್ಟೇ ಸಾಮರ್ಥ್ಯದ ಇಂಡಕ್ಷನ್ ಒಲೆ, ಬಾವಿಗೆ 1 ಎಚ್‌ಪಿ ಪಂಪು, ಮಗ ಮನೆಯಿಂದಲೇ ಕೆಲಸ ಮಾಡುವುದರಿಂದ ಒಂದು ಇನ್ವರ್ಟರ್, ಇಷ್ಟೂ ಇವೆ. ವಿದ್ಯುತ್ ಸ್ಕೂಟರ್ ಕೊಳ್ಳುವ ಮಾತೂ ನಡೆಯುತ್ತಿದೆ. ಬಿಲ್ಲಿನಲ್ಲಿ ಮಂಜೂರಾದ ಹೊರೆ ಈಗಲೂ 2 ಕಿಲೋವ್ಯಾಟ್ ಎಂದೇ ಬರುತ್ತಿದೆ.

ಕಳೆದ ತಿಂಗಳು ಮಳೆಯ ಒಂದು ಸಂಜೆ ಅಡುಗೆಮನೆಯಲ್ಲಿ ಮಿಕ್ಸಿ ನಿಂತುಹೋಯಿತು. ಪ್ಲಗ್ ಕಿತ್ತು ಸಾಕೆಟ್ಟಿಗೆ ಟೆಸ್ಟರ್ ಇಟ್ಟು ನೋಡಿದರೆ, ಒಂದು ತೂತಿನಲ್ಲಿ ಮಾತ್ರ ಹತ್ತಬೇಕಾದ ಕೆಂಪು ದೀಪ ಎರಡು ತೂತುಗಳಲ್ಲಿಯೂ ಹತ್ತಿತು. ಜಗಲಿಗೆ ಹೋಗಿ ನೋಡಿದಾಗ ಕೆಳಸಾಲಿನ ಒಂದು ಫ್ಯೂಸ್ ಸುಟ್ಟಿತ್ತು, ಪಿಂಗಾಣಿಯ ಒಳಮೈ ಮಸಿ ಹಿಡಿದು ಕಪ್ಪಾಗಿತ್ತು. ತಂತಿ ಕಟ್ಟಿದ ಮೇಲೆ ಎಲ್ಲವೂ ಸರಿಹೋಯಿತಾದರೂ ಆ ಎರಡು ತೂತುಗಳ ವಿಷಯ ನನಗೆ ಇಂದಿಗೂ ಅರ್ಥವಾಗಿಲ್ಲ.

ಪೇಟೆಯ ಎಲೆಕ್ಟ್ರಿಷಿಯನ್ ಒಬ್ಬರು ಬಂದು ನೋಡಿ, ಹಲಗೆ ತೆಗೆದು ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿ ಬಿದ್ದು ಕರೆಂಟ್ ಕಡಿಯುವ ಸ್ವಿಚ್) ಡಬ್ಬಿ ಕೂರಿಸಿದರೆ ಆಯಿತು, ಒಂದೇ ದಿನದ ಕೆಲಸ, ಪದೇ ಪದೇ ಬೀಳದಂತೆ ಎಲ್ಲದಕ್ಕೂ 32 ಆಂಪಿಯರ್ ಎಂಸಿಬಿ ಹಾಕುತ್ತೇನೆ ಎಂದಿದ್ದಾರೆ. ನನ್ನ ಪ್ರಶ್ನೆಗಳು ಇಷ್ಟು: ಡಬ್ಬಿ ಬದಲಿಸಿದರೆ ಸಾಕೇ, ಅಥವಾ ಇಡೀ ಮನೆಯ ವೈರಿಂಗ್ ಕೀಳಬೇಕೇ? ಹೊರೆ ಹೆಚ್ಚಿಸಲು ಅರ್ಜಿ ಕೊಡುವುದು ಮೊದಲೋ, ಕೆಲಸ ಮೊದಲೋ? ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಎಂಬುದು ನಮ್ಮಂಥ ಮನೆಗೆ ನಿಜವಾಗಿಯೂ ಬೇಕೇ?

ತಂತಿಕಂಬ ಅವರ ಉತ್ತರ

ನಾನು ವಿದ್ಯುತ್ ಸರಬರಾಜು ಕಂಪನಿಯಿಂದ ನಿವೃತ್ತನಾದವನು. ನಾನು ಸೇರಿದಾಗ ಅದು ಕೆ.ಇ.ಬಿ. ಆಗಿತ್ತು, 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ವಿತರಣೆಯ ಕೆಲಸ ಬೇರೆಯಾಗಿ ನಿಮ್ಮ ಕಡೆಗೆ ಮೆಸ್ಕಾಂ ಬಂತು. ಹಳ್ಳಿಯ ಜನ ಇವತ್ತಿಗೂ ನಮ್ಮನ್ನು ಕೆ.ಇ.ಬಿ.ಯವರು ಎಂದೇ ಕರೆಯುತ್ತಾರೆ, ಅದರಲ್ಲಿ ನನಗೇನೂ ಬೇಸರವಿಲ್ಲ.

ಮೊದಲು ಆ ಎರಡು ತೂತುಗಳ ವಿಷಯ, ಏಕೆಂದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಗಂಭೀರವಾದುದು ಅದೇ. ಹಳೆಯ ಪದ್ಧತಿಯಲ್ಲಿ ಕರೆಂಟ್ ತರುವ ಫೇಸ್ ತಂತಿಗೊಂದು, ಅದು ಹಿಂದಿರುಗುವ ನ್ಯೂಟ್ರಲ್ ತಂತಿಗೊಂದು ಹೀಗೆ ಜೋಡಿ ಫ್ಯೂಸ್ ಹಾಕುತ್ತಿದ್ದರು. ನಿಮ್ಮ ಕೆಳಸಾಲು ನ್ಯೂಟ್ರಲ್ಲಿನದು. ಅಂದು ಸುಟ್ಟದ್ದು ನ್ಯೂಟ್ರಲ್ ಫ್ಯೂಸ್. ಫೇಸ್ ಹಾಗೆಯೇ ಇತ್ತು, ಅದೇ ಲೈನಿನಲ್ಲಿ ಸ್ವಿಚ್ ಹಾಕಿದ್ದ ಬಲ್ಬಿನ ಮೂಲಕವೋ ಫ್ರಿಜ್ಜಿನ ಮೂಲಕವೋ ಹಾದು ತುಂಡಾದ ನ್ಯೂಟ್ರಲ್ ತಂತಿಗೂ ಬಂದು ನಿಂತಿತ್ತು. ಯಾವ ಉಪಕರಣವೂ ಓಡುವುದಿಲ್ಲವಾದ್ದರಿಂದ ಕರೆಂಟ್ ಹೋಗಿದೆ ಎಂದು ಮನೆಯವರು ಭಾವಿಸುತ್ತಾರೆ, ಆದರೆ ಮುಟ್ಟಿದರೆ 230 ವೋಲ್ಟ್ ಇರುತ್ತದೆ. ಹೀಗೆ ಭಾವಿಸಿ ಹೋಲ್ಡರಿಗೆ ಕೈಹಾಕಿದವರನ್ನು ನಾನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ಆದ್ದರಿಂದ ಹೊಸ ಡಬ್ಬಿ ಬರುವವರೆಗೂ ಕಾಯದೆ, ವೈರ್‌ಮನ್ ಒಬ್ಬರನ್ನು ಕರೆಸಿ ಮೇನ್ ಸ್ವಿಚ್ ಆಚೆಗಿನ ನ್ಯೂಟ್ರಲ್ ಫ್ಯೂಸ್‌ಗಳನ್ನೆಲ್ಲ ತೆಗೆಸಿ, ಅಲ್ಲಿ ಫ್ಯೂಸಿನಂತೆ ಸುಡದ ಹಿತ್ತಾಳೆಯ ಪಟ್ಟಿ, ಅಂದರೆ ನ್ಯೂಟ್ರಲ್ ಲಿಂಕ್ ಹಾಕಿಸಿಕೊಳ್ಳಿ.

ಎರಡನೆಯದಾಗಿ ಹೊರೆ. ಗೀಸರಿಗೆ ಸುಮಾರು 8.7 ಆಂಪಿಯರ್, ಇಂಡಕ್ಷನ್ ಒಲೆಗೂ ಅಷ್ಟೇ. ಬೆಳಿಗ್ಗೆ ಆರೂವರೆಗೆ ಸ್ನಾನ, ತಿಂಡಿ, ಬಾವಿಯ ಪಂಪು ಮೂರೂ ಒಟ್ಟಿಗೆ ನಡೆಯುವ ಮನೆಯಲ್ಲಿ 22ರಿಂದ 25 ಆಂಪಿಯರ್ ಸುಲಭವಾಗಿ ದಾಟುತ್ತದೆ, ಅಂದರೆ 5 ಕಿಲೋವ್ಯಾಟ್‌ನ ಆಸುಪಾಸು. ಮಂಜೂರಾದದ್ದು 2. ಈಗಿನ ಡಿಜಿಟಲ್ ಮೀಟರುಗಳು ಯೂನಿಟ್ ಮಾತ್ರವಲ್ಲ, ಗರಿಷ್ಠ ಬೇಡಿಕೆಯನ್ನೂ ದಾಖಲಿಸಿಡುತ್ತವೆ. ಹೊರೆ ಹೆಚ್ಚಿಸಿಕೊಂಡರೆ ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕ ತಿಂಗಳು ತಿಂಗಳು ಹೆಚ್ಚುತ್ತದೆ, ಅದು ನಿಜ. ಆದರೆ ಕಂಬದಿಂದ ನಿಮ್ಮ ಮೀಟರಿಗೆ ಬಂದಿರುವ ಸರ್ವಿಸ್ ವೈರ್ ಆರು ಬಲ್ಬುಗಳ ಕಾಲದ್ದಾಗಿದ್ದರೆ, ಒಳಗೆ ಎಷ್ಟೇ ಒಳ್ಳೆಯ ಡಬ್ಬಿ ಕೂರಿಸಿದರೂ ಸಂಜೆಯ ವೋಲ್ಟೇಜ್ ಇಳಿತ ನಿಲ್ಲುವುದಿಲ್ಲ, ಮೀಟರಿನ ಟರ್ಮಿನಲ್ ಬಿಸಿಯಾಗುವುದೂ ನಿಲ್ಲುವುದಿಲ್ಲ.

ಕ್ರಮ ಹೀಗಿರಲಿ. ಪರವಾನಗಿ ಇರುವ ಗುತ್ತಿಗೆದಾರರನ್ನು ಮೊದಲು ಗೊತ್ತುಮಾಡಿ, ಅವರಿಂದ ಹೊರೆಯ ಪಟ್ಟಿ ಮಾಡಿಸಿ, ಆರ್.ಆರ್. ಸಂಖ್ಯೆ ಇರುವ ಇತ್ತೀಚಿನ ಬಿಲ್ಲಿನೊಂದಿಗೆ ಶಾಖಾ ಕಚೇರಿಯಲ್ಲಿ ಹೆಚ್ಚುವರಿ ಹೊರೆಗೆ ಅರ್ಜಿ ಕೊಡಿ. ಸಿಂಗಲ್ ಫೇಸ್‌ನಲ್ಲಿಯೇ ಆಗುತ್ತದೆಯೋ, ಮೂರು ಫೇಸ್ ಬೇಕೋ ಎಂಬುದನ್ನು ಅಲ್ಲಿಯೇ ಹೇಳುತ್ತಾರೆ. ಕೆಲಸ ಮುಗಿದ ಮೇಲೆ ಗುತ್ತಿಗೆದಾರರು ಸಹಿ ಮಾಡಿದ ಪೂರ್ಣಗೊಂಡ ವರದಿ ಬೇಕಾಗುತ್ತದೆ. ಪರವಾನಗಿ ಇಲ್ಲದವರಿಂದ ಮಾಡಿಸಿ, ಕೊನೆಗೆ ಇನ್ಯಾರದೋ ಸಹಿಗಾಗಿ ಅಲೆಯುವುದು ನಮ್ಮ ಕಡೆ ಮಾಮೂಲಾದರೂ ಒಳ್ಳೆಯದಲ್ಲ. ಮೀಟರ್ ಮತ್ತು ಅದರ ಸೀಲಿಗೆ ನೀವಾಗಲಿ ಎಲೆಕ್ಟ್ರಿಷಿಯನ್ನರಾಗಲಿ ಕೈಹಾಕಬಾರದು. ಹಲಗೆಯಿಂದ ಮೀಟರ್ ಕದಲಿಸಬೇಕಾದರೆ ಕಚೇರಿಯವರೇ ಬರಬೇಕು.

ಚದರಮಿಲಿ ಅವರ ಉತ್ತರ

ಇಪ್ಪತ್ತೆರಡು ವರ್ಷಗಳಿಂದ ವೈರಿಂಗ್ ಗುತ್ತಿಗೆ ಮಾಡುತ್ತಿದ್ದೇನೆ. ಮೇಲಿನ ಹಿರಿಯರು ಮೀಟರಿನ ಆಚೆಯ ಮಾತು ಹೇಳಿದ್ದಾರೆ, ನಾನು ಈಚೆಯದನ್ನು ಹೇಳುತ್ತೇನೆ.

ಎಲ್ಲದಕ್ಕೂ 32 ಆಂಪಿಯರ್ ಎಂಸಿಬಿ ಎಂಬ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಎಂಸಿಬಿ ಇರುವುದು ಗೀಸರನ್ನು ಕಾಯಲಿಕ್ಕಲ್ಲ, ಗೋಡೆಯೊಳಗಿನ ತಂತಿಯನ್ನು ಕಾಯಲಿಕ್ಕೆ. ಅದರ ಮೇಲೆ ಬರೆದ ಅಂಕಿ ಬಂದೊಡನೆ ಅದು ಬೀಳುವುದೂ ಇಲ್ಲ. ಮಾನಕದ ಪ್ರಕಾರ ತನ್ನ ಅಂಕಿಯ 1.45 ಪಟ್ಟು ಹರಿದಾಗ ಒಂದು ಗಂಟೆಯೊಳಗೆ ಬಿದ್ದರೆ ಸಾಕು. 32ರ ಲೆಕ್ಕದಲ್ಲಿ ಅದು 46 ಆಂಪಿಯರ್. ಪೈಪಿನೊಳಗಿನ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ನೆಮ್ಮದಿಯಿಂದ ಹೊರುವುದು ಸುಮಾರು 20 ಆಂಪಿಯರ್ ಮಾತ್ರ, ಅಷ್ಟೇ ದಪ್ಪದ ಅಲ್ಯೂಮಿನಿಯಂ ಅದಕ್ಕಿಂತ ಕಡಿಮೆ. ಎಂಸಿಬಿ ಸುಮ್ಮನೆ ಕುಳಿತಿರುವಾಗಲೇ ಹೊದಿಕೆ ಕರಗಿ, ನಿಮ್ಮ ಮರದ ಪಟ್ಟಿಗೆ ಬೆಂಕಿ ತಾಗಬಹುದು. ಫ್ಯೂಸಿನ ಕಾಲದಲ್ಲಿಯೂ ಇದೇ ತಪ್ಪು ನಡೆಯುತ್ತಿತ್ತು: ಒಂದೆಳೆಯ ಬದಲು ನಾಲ್ಕೆಳೆ ಹೊಸೆದು ಕಟ್ಟಿ, ಇನ್ನು ಸುಡುವುದಿಲ್ಲ ಎಂದು ಕೈತೊಳೆದುಕೊಳ್ಳುತ್ತಿದ್ದರು.

ದೀಪ ಮತ್ತು ಫ್ಯಾನಿನ ಲೈನಿಗೆ 1.5 ಚದರ ಮಿಲಿಮೀಟರ್ ತಂತಿ, 6 ಅಥವಾ 10 ಆಂಪಿಯರ್ ಎಂಸಿಬಿ. ಗೀಸರಿಗೊಂದು, ಇಂಡಕ್ಷನ್ ಒಲೆಗೊಂದು, ವಾಷಿಂಗ್ ಮಷೀನಿಗೊಂದು ಪ್ರತ್ಯೇಕ ಲೈನು, 2.5ರ ತಂತಿ, 16 ಆಂಪಿಯರ್. ಮುಂದೆ 3 ಕಿಲೋವ್ಯಾಟ್ ಗೀಸರ್ ತರುವ ಯೋಚನೆಯಿದ್ದರೆ ಈಗಲೇ 4ರ ತಂತಿ ಎಳೆಸಿ. ಪಂಪಿಗೆ ಸಿ ಕರ್ವ್ ಎಂಸಿಬಿ ಬೇಕು, ಏಕೆಂದರೆ ಮೋಟರು ಹೊರಡುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಬಿ ಕರ್ವ್ ಆದರೆ ಅದಕ್ಕೇ ಬಿದ್ದುಬಿಡುತ್ತದೆ. ಮೀಟರಿನಿಂದ ಡಬ್ಬಿಗೆ 6 ಚದರ ಮಿಲಿಮೀಟರ್ ತಾಮ್ರ, ಮೊದಲಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ 32 ಆಂಪಿಯರಿನ ಡಬಲ್ ಪೋಲ್ ಎಂಸಿಬಿ, ಅದರ ನಂತರ 40 ಆಂಪಿಯರಿನ ಆರ್‌ಸಿಸಿಬಿ. ಅಂಗಡಿಗಳಲ್ಲಿ ಈಗಲೂ 3/20, 7/20 ಎಂದು ಹಳೆಯ ಲೆಕ್ಕದಲ್ಲಿ ತಂತಿ ಕೇಳುವವರಿದ್ದಾರೆ. ನೀವು ಚದರ ಮಿಲಿಮೀಟರಿನಲ್ಲಿಯೇ ಕೇಳಿ, ಐಎಸ್‌ಐ ಗುರುತು ನೋಡಿ ತನ್ನಿ.

ಆರ್‌ಸಿಸಿಬಿ ಬೇಕೇ ಎಂದು ಕೇಳಿದ್ದೀರಿ. ಎಂಸಿಬಿಗೆ ಮನುಷ್ಯನ ಮೈಮೂಲಕ ಹರಿಯುವ ಕರೆಂಟ್ ಲೆಕ್ಕಕ್ಕೇ ಬರುವುದಿಲ್ಲ, ಅದು ಅಷ್ಟು ಚಿಕ್ಕದು. ಆದರೆ ಪ್ರಾಣ ಹೋಗಲು ಅಷ್ಟೇ ಸಾಕು. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ಪೂರ್ತಿ ಹಿಂದಿರುಗಿತೇ ಎಂದು ಸದಾ ಅಳೆಯುತ್ತಿರುವುದು ಆರ್‌ಸಿಸಿಬಿ. 30 ಮಿಲಿ ಆಂಪಿಯರಿನಷ್ಟು ಬೇರೆ ದಾರಿ ಹಿಡಿದರೆ ಕ್ಷಣಮಾತ್ರದಲ್ಲಿ ಕಡಿದುಹಾಕುತ್ತದೆ. ಮನೆಗೆ 30 ಮಿಲಿ ಆಂಪಿಯರಿನದೇ ಬೇಕು. 100 ಅಥವಾ 300ರದು ಬೆಂಕಿಯ ರಕ್ಷಣೆಗೆ ಆದೀತೇ ಹೊರತು ಮನುಷ್ಯರ ರಕ್ಷಣೆಗೆ ಆಗದು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನು ಮಾತ್ರ ಅದೂ ಉಳಿಸಲಾರದು, ಮತ್ತು ಹೆಚ್ಚು ಹೊರೆಯಾದರೆ ಅದು ತಾನಾಗಿ ಬೀಳುವುದಿಲ್ಲ, ಹೀಗಾಗಿಯೇ ಅದರ ಹಿಂದೆ ಎಂಸಿಬಿ ಇರಬೇಕು.

ಈಗ ಹಳೆಯ ಮನೆಯ ನಿಜವಾದ ತೊಡಕು. ಆರ್‌ಸಿಸಿಬಿ ಹಾಕಿ ಸ್ವಿಚ್ ಎತ್ತಿದ ಕೂಡಲೇ ಅದು ಬೀಳುತ್ತದೆ. ಹತ್ತರಲ್ಲಿ ಎಂಟು ಹಳೆಯ ಮನೆಗಳಲ್ಲಿ ನನಗೆ ಹೀಗೆಯೇ ಆಗಿದೆ. ಆಗ ಮನೆಯವರು ಹೊಸ ಸಾಮಾನು ಕೆಟ್ಟದ್ದು ಎನ್ನುತ್ತಾರೆ. ಕೆಟ್ಟದ್ದು ಸಾಮಾನಲ್ಲ. ನಲವತ್ತು ವರ್ಷಗಳಲ್ಲಿ ಯಾರು ಯಾರೋ ಬಂದು, ಹತ್ತಿರ ಸಿಕ್ಕಿದ ನ್ಯೂಟ್ರಲ್ಲಿಗೆ ತಮ್ಮ ಬಲ್ಬಿನ ತಂತಿ ಸುತ್ತಿ ಹೋಗಿರುತ್ತಾರೆ. ಎಲ್ಲೋ ಅರ್ಥ್ ಮತ್ತು ನ್ಯೂಟ್ರಲ್ ಸೇರಿಕೊಂಡಿರುತ್ತವೆ. ಇನ್ವರ್ಟರಿನ ನ್ಯೂಟ್ರಲ್ ಮೇನಿನ ನ್ಯೂಟ್ರಲ್ಲಿನೊಂದಿಗೆ ಬೆರೆತಿರುತ್ತದೆ. ಆದ್ದರಿಂದ ಡಬ್ಬಿ ಕೊಳ್ಳುವ ಮೊದಲೇ ಪ್ರತಿ ಲೈನನ್ನೂ ಬಿಡಿಸಿ, ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ 500 ವೋಲ್ಟಿನ ಮೆಗ್ಗರ್ ಹಿಡಿದು ನೋಡಿಸಿ. 1 ಮೆಗಾ ಓಮ್‌ಗಿಂತ ಕಡಿಮೆ ಬಂದ ಲೈನನ್ನು ಹೊಸ ಡಬ್ಬಿಗೆ ಜೋಡಿಸಬಾರದು. ಯಾವ ತಂತಿ ಕೀಳಬೇಕು, ಯಾವುದು ಇರಬಹುದು ಎಂಬ ನಿಮ್ಮ ಮೊದಲ ಪ್ರಶ್ನೆಗೆ ಮೆಗ್ಗರೇ ಉತ್ತರ ಕೊಡುತ್ತದೆ. ಆದರೂ ಮರದ ಪಟ್ಟಿಯ ಅಲ್ಯೂಮಿನಿಯಂ ತಂತಿಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಅದು ಬಗ್ಗಿಸಿದಲ್ಲಿ ಮುರಿಯುತ್ತದೆ, ಸ್ಕ್ರೂ ಕೆಳಗೆ ಕಾಲಕ್ರಮೇಣ ಸಡಿಲವಾಗುತ್ತದೆ, ತಾಮ್ರಕ್ಕೆ ನೇರವಾಗಿ ಹೆಣೆದರೆ ತೇವದಲ್ಲಿ ಕೊರೆದುಹೋಗುತ್ತದೆ. ಅದನ್ನು ತೆಗೆಸಿಬಿಡಿ.

ಅರ್ಥಿಂಗ್ ಬಗ್ಗೆ ನೀವೇನೂ ಬರೆದಿಲ್ಲ. ಎಲ್ಲಿದೆ ಎಂದು ಒಮ್ಮೆ ಹುಡುಕಿ ನೋಡಿ.

ಕಡಲಬದಿ ಅವರ ಉತ್ತರ

ಉಡುಪಿಯ ಸಮೀಪದಿಂದ ಬರೆಯುತ್ತಿದ್ದೇನೆ. ಆರ್‌ಸಿಸಿಬಿಯ ಹೊಗಳಿಕೆ ಓದಿದೆ, ಆದರೆ ಅನುಭವ ಬೇರೆ. ನಮ್ಮಲ್ಲಿ ಆಷಾಢದಲ್ಲಿ ಅದು ದಿನಕ್ಕೆ ನಾಲ್ಕು ಬಾರಿ ಬೀಳುತ್ತಿತ್ತು. ನಾವು ಮದುವೆಗೆಂದು ಎರಡು ದಿನ ಊರಲ್ಲಿಲ್ಲದಾಗ ಬಿದ್ದು, ಫ್ರಿಜ್ಜಿನಲ್ಲಿದ್ದ ಮೀನೆಲ್ಲ ಕೆಟ್ಟು, ಮನೆಯ ಬಾಗಿಲು ತೆರೆಯಲಾಗದಂತಾಗಿತ್ತು. ಕೊನೆಗೆ ಎರಡು ತುಂಡು ತಂತಿ ಹಾಕಿ, ಕರೆಂಟು ಅದರೊಳಗೆ ಹೋಗದಂತೆ ದಾಟಿಸಿಬಿಟ್ಟಿದ್ದೇವೆ. ಮೂರು ವರ್ಷಗಳಿಂದ ಯಾವ ತೊಂದರೆಯೂ ಇಲ್ಲ.

ಚದರಮಿಲಿ ಅವರ ಉತ್ತರ

ತೊಂದರೆ ಇಲ್ಲ ಎನ್ನುವುದಕ್ಕಿಂತ, ತೊಂದರೆಯನ್ನು ತೋರಿಸುತ್ತಿದ್ದುದನ್ನು ನೀವು ಸುಮ್ಮನಾಗಿಸಿದ್ದೀರಿ ಎನ್ನಬೇಕು. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ಅಂಗಳದ ದೀಪದೊಳಗೆ ನೀರು ಹೊಕ್ಕದ್ದಕ್ಕೆ ಅಡುಗೆಮನೆಯ ಫ್ರಿಜ್ ನಿಲ್ಲುತ್ತದೆ. ಅದಕ್ಕೆ ಪರಿಹಾರ ದಾಟಿಸುವುದಲ್ಲ, ವಿಂಗಡಿಸುವುದು. ಹೊರಗಿನ ದೀಪ, ಪಂಪು, ಬಚ್ಚಲು ಒಂದು ಆರ್‌ಸಿಸಿಬಿಯ ಕೆಳಗೆ. ಒಳಗಿನ ಲೈನುಗಳು ಇನ್ನೊಂದರ ಕೆಳಗೆ. ಫ್ರಿಜ್ಜಿಗೆ ಎಂಸಿಬಿ ಮತ್ತು ಆರ್‌ಸಿಸಿಬಿ ಎರಡರ ಕೆಲಸವನ್ನೂ ಒಂದರಲ್ಲಿಯೇ ಮಾಡುವ ಆರ್‌ಸಿಬಿಓ ಹಾಕಿಸಿದರೆ ಅದು ತನ್ನ ದೋಷಕ್ಕೆ ಮಾತ್ರ ಬೀಳುತ್ತದೆ. ಖರ್ಚು ಹೆಚ್ಚು, ಒಪ್ಪುತ್ತೇನೆ. ಆ ಎರಡು ತುಂಡು ತಂತಿಗಳನ್ನು ಮಾತ್ರ ಈ ವಾರವೇ ತೆಗೆಸಿ.

ತೋಟದಮನೆ ಅವರ ಉತ್ತರ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಒಂದೇ ದಿನದ ಕೆಲಸ ಎಂದಿದ್ದವರನ್ನು ಬಿಟ್ಟು, ಪರವಾನಗಿ ಇರುವ ಬೇರೊಬ್ಬರಿಂದ ಮಾಡಿಸಿದೆ. ಒಟ್ಟು ಒಂಬತ್ತು ದಿನ ಹಿಡಿಯಿತು, ಅದರಲ್ಲಿ ಡಬ್ಬಿ ಕೂರಿಸಲು ಬೇಕಾದದ್ದು ಅರ್ಧ ದಿನ ಮಾತ್ರ.

ಮೊದಲು ಅರ್ಥಿಂಗ್ ಹುಡುಕಿದೆವು. ಮೇನ್ ಸ್ವಿಚ್ಚಿನಿಂದ ಹೊರಟ ಕಬ್ಬಿಣದ ತಂತಿ ಗೋಡೆಯುದ್ದಕ್ಕೂ ಹೋಗಿ ಹಿತ್ತಿಲ ನಲ್ಲಿಯ ಪೈಪಿಗೆ ಸುತ್ತಿಕೊಂಡಿತ್ತು. ತಂದೆಯವರ ಕಾಲದಲ್ಲಿ ಅದು ನೆಲದೊಳಗೆ ಹೋಗುವ ಕಬ್ಬಿಣದ ಪೈಪು. ಹತ್ತು ವರ್ಷಗಳ ಹಿಂದೆ ನಾನೇ ಮುಂದೆ ನಿಂತು ಅದನ್ನು ಕೀಳಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿದ್ದೆ, ಮೇಲಿನ ಒಂದು ಮೊಳ ಮಾತ್ರ ಕಬ್ಬಿಣದ್ದು ಉಳಿದಿತ್ತು. ಅಂದರೆ ಹತ್ತು ವರ್ಷ ಗೀಸರಿಗೆ ಅರ್ಥಿಂಗ್ ಇರಲೇ ಇಲ್ಲ. ಈಗ ಬಾವಿಯಿಂದ ದೂರದಲ್ಲಿ ಗುಂಡಿ ತೆಗೆಸಿ, ಎರಡೂವರೆ ಮೀಟರ್ ಜಿಐ ಪೈಪನ್ನು ಇದ್ದಿಲು ಮತ್ತು ಉಪ್ಪಿನ ಪದರಗಳ ನಡುವೆ ನಿಲ್ಲಿಸಿದ್ದೇವೆ. ಅಳತೆಯಲ್ಲಿ 3.8 ಓಮ್ ಬಂತು. ಬೇಸಿಗೆಯಲ್ಲಿ ನೀರು ಹಾಕಲು ಬಾಯಿ ಬಿಟ್ಟಿದ್ದೇವೆ.

ಮೆಗ್ಗರ್ ಪರೀಕ್ಷೆಯಲ್ಲಿ ಅಡುಗೆಮನೆಯ ತಾಮ್ರದ ಲೈನುಗಳು ಉತ್ತೀರ್ಣವಾದವು, ಕೊಟ್ಟಿಗೆಯ ದೀಪದ ಲೈನು ಮಾತ್ರ 0.2 ಮೆಗಾ ಓಮ್ ತೋರಿಸಿತು. ಕೊಟ್ಟಿಗೆಯ ಮೂಲೆಯ ಜಂಕ್ಷನ್ ಬಾಕ್ಸ್ ಬಿಚ್ಚಿದಾಗ ಒಳಗೆ ಒದ್ದೆ ಮಣ್ಣು, ಇರುವೆ ಗೂಡು, ಅದರ ನಡುವೆ ಬತ್ತಲಾದ ಒಂದು ಜೋಡಣೆ. ಕಳೆದ ಮಳೆಗಾಲದಲ್ಲಿ ನಮ್ಮ ಕರಿಯಾಕಳು ಆ ಮೂಲೆಯ ಗೂಟಕ್ಕೆ ಕಟ್ಟಿಸಿಕೊಳ್ಳಲು ಒಪ್ಪದೆ ಹಟ ಮಾಡುತ್ತಿತ್ತು, ಅಮ್ಮ ಅದಕ್ಕೆ ದೃಷ್ಟಿ ತೆಗೆದಿದ್ದರು. ದನಗಳಿಗೆ ಸೋರಿಕೆಯ ಕರೆಂಟು ನಮಗಿಂತ ಬೇಗ ತಾಗುತ್ತದೆ ಎಂದು ಗುತ್ತಿಗೆದಾರರು ಹೇಳಿದಾಗ ಅಮ್ಮ ಏನೂ ಮಾತಾಡದೆ ಕೊಟ್ಟಿಗೆಗೆ ಹೋದರು.

ಮರದ ಪಟ್ಟಿಯ ವೈರಿಂಗ್ ಪೂರ್ತಿ ತೆಗೆಸಿ, ಗೋಡೆ ಒಡೆಯದೆ ಪಿವಿಸಿ ಪಟ್ಟಿಯೊಳಗೆ ಹೊಸ ತಂತಿ ಎಳೆಸಿದೆ. ಡಬ್ಬಿಯಲ್ಲಿ ಎರಡು ಆರ್‌ಸಿಸಿಬಿ: ಹೊರಗಿನ ಲೈನುಗಳಿಗೊಂದು, ಒಳಗಿನವುಗಳಿಗೊಂದು. ಮೊದಲ ದಿನ ಒಳಗಿನದು ನಿಲ್ಲಲೇ ಇಲ್ಲ. ಚದರಮಿಲಿಯವರು ಬರೆದಿದ್ದಂತೆಯೇ ಇನ್ವರ್ಟರಿನ ನ್ಯೂಟ್ರಲ್ ಬೆರೆತಿತ್ತು. ಅದಕ್ಕೆ ಪ್ರತ್ಯೇಕ ನ್ಯೂಟ್ರಲ್ ಬಾರ್ ಮತ್ತು ಅದರದೇ ಆರ್‌ಸಿಸಿಬಿ ಕೊಟ್ಟ ಮೇಲೆ ಸರಿಹೋಯಿತು. 5 ಕಿಲೋವ್ಯಾಟ್‌ಗೆ ಅರ್ಜಿ ಮಂಜೂರಾಗಿ, ಸರ್ವಿಸ್ ವೈರ್ ಬದಲಾಗಿದೆ. ಸಿಡಿಲಿನ ಹೊಡೆತಕ್ಕೆಂದು ಸರ್ಜ್ ರಕ್ಷಕವನ್ನೂ ಡಬ್ಬಿಯಲ್ಲಿ ಹಾಕಿಸಿದ್ದೇನೆ, ಹಾಗಿದ್ದರೂ ಗುಡುಗು ಶುರುವಾದರೆ ಟಿವಿಯ ಪ್ಲಗ್ ಕೀಳುವ ಅಭ್ಯಾಸವನ್ನು ಮನೆಯಲ್ಲಿ ಯಾರೂ ಬಿಟ್ಟಿಲ್ಲ.

ಡಬ್ಬಿಯ ಬಾಗಿಲ ಒಳಮೈಗೆ ಯಾವ ಎಂಸಿಬಿ ಯಾವ ಕೋಣೆಯದು ಎಂದು ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ. ಡೇರಿಯ ಹಾಲಿನ ಲೆಕ್ಕ ಚುಕ್ತಾ ಆಗುವ ದಿನ, ತಿಂಗಳಿಗೊಮ್ಮೆ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತುವ ಕೆಲಸವನ್ನು ಅಮ್ಮ ವಹಿಸಿಕೊಂಡಿದ್ದಾರೆ.

ತಂತಿಕಂಬ ಅವರ ಉತ್ತರ

ಕೆಲಸ ಚೆನ್ನಾಗಿ ಆಗಿದೆ. ಎರಡು ಮಾತು ಸೇರಿಸುತ್ತೇನೆ. ಟೆಸ್ಟ್ ಗುಂಡಿ ಒತ್ತಿದಾಗ ಬಿದ್ದರೆ ಆರ್‌ಸಿಸಿಬಿ ಸರಿಯಿದೆ ಎಂದರ್ಥವೇ ಹೊರತು ಅರ್ಥಿಂಗ್ ಸರಿಯಿದೆ ಎಂದಲ್ಲ. ಅರ್ಥ್ ತಂತಿ ಕಡಿದುಹೋಗಿದ್ದರೂ ಗುಂಡಿ ಕೆಲಸ ಮಾಡುತ್ತದೆ, ಆದ್ದರಿಂದ ಗುಂಡಿಯ ಅಳತೆಯನ್ನು ವರ್ಷಕ್ಕೊಮ್ಮೆ ಬೇರೆಯಾಗಿಯೇ ಮಾಡಿಸಿ. ಇಲ್ಲಿ ನಾನು ಹೇಳುತ್ತಿರುವುದು ಹಿತ್ತಿಲ ಗುಂಡಿ, ಡಬ್ಬಿಯ ಗುಂಡಿಯಲ್ಲ. ಇನ್ನೊಂದು, ಮೇನ್ ಇಳಿಸಿದರೂ ಇನ್ವರ್ಟರಿನ ಲೈನುಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಆ ಎಂಸಿಬಿಗಳ ಮುಂದೆ ಕೆಂಪು ಶಾಯಿಯಲ್ಲಿ ಇನ್ವರ್ಟರ್ ಎಂದು ಬರೆಯಿರಿ.

ತೋಟದಮನೆ ಅವರ ಉತ್ತರ

ಬರೆದೆ. ಅಮ್ಮ ನಿನ್ನೆ ಮೊದಲ ಬಾರಿ ಮೂರೂ ಗುಂಡಿಗಳನ್ನು ಒತ್ತಿದರು, ಮೂರೂ ಬಿದ್ದವು. ಮಗ ಆಫೀಸಿನ ಮೀಟಿಂಗಿನ ನಡುವೆ ಇದ್ದ. ಮುಂದಿನ ತಿಂಗಳಿನಿಂದ ಅವನಿಗೆ ತಿಳಿಸಿಯೇ ಒತ್ತಬೇಕೆಂದು ಚೀಟಿಯಲ್ಲಿ ಅದನ್ನೂ ಸೇರಿಸಿದ್ದೇನೆ.